ದುಬಾರಿ ತಟ್ಟೆಯಲ್ಲಿರೋ ಮೀನು ಹೆಚ್ಚು ತಾಜಾನಾ?

ಪ್ರಶ್ನೆ: ಕೆಲಸದ ಮೇಲೆ ದೊಡ್ಡ ನಗರಕ್ಕೆ ಬಂದು ಒಂದು ವರ್ಷ ಆಯಿತು. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಮೀನು ಅಂದ್ರೆ ಪ್ರಾಣ. ಆಫೀಸಿನ ಗೆಳೆಯರು ಹೆಸರುವಾಸಿ ಫೈನ್ ಡೈನಿಂಗ್ ಸೀಫುಡ್ ರೆಸ್ಟೋರೆಂಟಿಗೆ ಕರ್ಕೊಂಡು ಹೋಗು ಅನ್ನುತ್ತಾರೆ. ಮನೆ ಮಾಲೀಕರು, ಹಳೇ ಮೀನಿನ ಹೋಟೆಲ್ ಬಿಟ್ಟು ಬೇರೆ ಕಡೆ ಕಾಲಿಡಬೇಡ ಅನ್ನುತ್ತಾರೆ. ಎರಡರ ಬಿಲ್ಲಿಗೂ ಆರೇಳು ಪಟ್ಟು ವ್ಯತ್ಯಾಸ ಇದೆ. ಅಷ್ಟು ಕೊಟ್ಟರೆ ಮೀನೂ ಅಷ್ಟು ತಾಜಾ ಇರುತ್ತಾ? ಯಾವುದಕ್ಕೆ ಹೋಗಲಿ?

ಉತ್ತರ: ಮೊದಲನೇ ಪ್ರಶ್ನೆಗೆ ಉತ್ತರ ಒಂದೇ ಪದ. ಇಲ್ಲ. ಆ ಜಾಸ್ತಿ ದುಡ್ಡಿಗೆ ನಿಮಗೆ ಬೇರೆ ಏನೇನೋ ಸಿಗುತ್ತದೆ, ಅದರಲ್ಲಿ ಕೆಲವು ನಿಜವಾಗಿಯೂ ಒಳ್ಳೆಯವೇ, ಆದರೆ ತಾಜಾತನ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅಂತ ಯಾರೂ ಹೇಳೋಕಾಗಲ್ಲ. ನಾನು ಎರಡೂ ಕಡೆ ದುಡಿದವನು. ಹನ್ನೊಂದು ವರ್ಷ ಮೀನಿನ ಹೋಟೆಲಿನ ಒಲೆ ಮುಂದೆ, ಆಮೇಲೆ ಒಂಬತ್ತು ವರ್ಷ ಬಿಳಿ ಮೇಜುಬಟ್ಟೆ ಹಾಸಿದ ಜಾಗಗಳಲ್ಲಿ. ಎರಡಕ್ಕೂ ಮೀನು ತರೋಕೆ ಬೆಳಗಿನ ಜಾವ ಹೋಗುತ್ತಿದ್ದದ್ದು ಒಂದೇ ಮಾರ್ಕೆಟ್ಟಿಗೆ.

ಇದು ಬಹಳ ಜನಕ್ಕೆ ಗೊತ್ತಿರಲ್ಲ. ದೊಡ್ಡ ನಗರ ಅಂದರೆ ಅದಕ್ಕೊಂದು ದೊಡ್ಡ ಸಗಟು ಮಾರ್ಕೆಟ್ ಇರುತ್ತದೆ. ಟೋಕಿಯೋದಲ್ಲಿ ಮೊದಲು ತ್ಸುಕಿಜಿ ಇತ್ತು, 2018ರ ಅಕ್ಟೋಬರಿನಿಂದ ತೊಯೊಸು. ಲಂಡನ್ನಿಗೆ ಬಿಲ್ಲಿಂಗ್ಸ್‌ಗೇಟ್, ಪ್ಯಾರಿಸ್ಸಿಗೆ ರೂಂಜಿಸ್. ನ್ಯೂಯಾರ್ಕಿನ ಫುಲ್ಟನ್ ಮೀನು ಮಾರ್ಕೆಟ್ 2005ರಲ್ಲಿ ಮ್ಯಾನ್‌ಹಟನ್ ಬಿಟ್ಟು ಬ್ರಾಂಕ್ಸಿಗೆ ಹೋಯಿತು. ಕೆಲವು ದುಬಾರಿ ಜಾಗಗಳು ನೇರ ದೋಣಿಯವರಿಂದಲೇ ತರಿಸಿಕೊಳ್ಳುತ್ತವೆ, ಅದು ಬೇರೆ ಮಾತು. ಉಳಿದವರೆಲ್ಲ ಒಂದೇ ಕಡೆ ಸಾಲು ನಿಲ್ಲುವವರು. ವ್ಯತ್ಯಾಸ ಇರುವುದು ಯಾವ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ ಅನ್ನುವುದರಲ್ಲಿ. ದುಬಾರಿ ಜಾಗದವನು ಒಂದೇ ಅಳತೆಯ, ಗಾಯ ಇಲ್ಲದ ಮೀನು ಆರಿಸುತ್ತಾನೆ, ಯಾಕೆಂದರೆ ಎಂಟು ತಟ್ಟೆಯಲ್ಲೂ ತುಂಡು ಒಂದೇ ಥರ ಕಾಣಬೇಕು. ಹಳೇ ಹೋಟೆಲಿನವನಿಗೆ ಅಳತೆ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಬಾಲ ಸ್ವಲ್ಪ ಹರಿದ ಮೀನಿಗೆ ರುಚಿ ಏನೂ ಕಮ್ಮಿ ಇಲ್ಲ, ಆದರೆ ರೇಟು ಕಮ್ಮಿ.

ಹಾಗಾದರೆ ತಾಜಾತನವನ್ನು ತೀರ್ಮಾನಿಸುವುದು ಯಾವುದು? ತಂದ ಮೀನು ಎಷ್ಟು ಬೇಗ ಖಾಲಿ ಆಗುತ್ತದೆ ಅನ್ನುವುದು, ಅಷ್ಟೇ. ಮಧ್ಯಾಹ್ನ ಜನ ಬಾಗಿಲ ಹೊರಗೆ ಕಾಯುವ, ಮೂರು ಗಂಟೆಗೆ ‘ಇವತ್ತು ಮುಗೀತು’ ಅನ್ನುವ ಹೋಟೆಲಿನಲ್ಲಿ ನಿನ್ನೆಯ ಮೀನು ಇರುವುದಕ್ಕೆ ಸಾಧ್ಯವೇ ಇಲ್ಲ. ಉಳಿದರೆ ತಾನೇ! ನಾನಿದ್ದ ಒಂದು ದುಬಾರಿ ಜಾಗದ ಕಥೆ ಹೇಳುತ್ತೇನೆ, ಹೆಸರು ಬೇಡ. ವಾರದ ಮೊದಲ ದಿನ ಮಳೆ ಬಂತು, ಅರವತ್ತು ಜನ ಬರಬೇಕಾದ ಕಡೆ ಹದಿನಾಲ್ಕು ಜನ ಬಂದರು. ಆ ದಿನಕ್ಕೆ ಅಂತ ತಂದ ಸ್ಕ್ಯಾಲಪ್ (ಒಂದು ಥರದ ಚಿಪ್ಪಿನ ಮಾಂಸ) ಮೂರನೇ ದಿನ ‘ಇಂದಿನ ವಿಶೇಷ’ ಆಗಿ ಮೇಜಿಗೆ ಹೋಯಿತು, ಮೇಲೆ ಹೂವಿನ ಎಸಳು ಇಟ್ಟುಕೊಂಡು. ಯಾರಿಗೂ ಹೊಟ್ಟೆ ಕೆಡಲಿಲ್ಲ. ಆದರೆ ಅವರು ಕೊಟ್ಟ ದುಡ್ಡಿಗೆ ಅದು ತಕ್ಕ ಸ್ಕ್ಯಾಲಪ್ ಆಗಿರಲಿಲ್ಲ, ಅಡುಗೆಮನೆಯಲ್ಲಿದ್ದ ನಮಗೆಲ್ಲ ಅದು ಗೊತ್ತಿತ್ತು.

ಇಲ್ಲಿ ಒಂದು ತಿರುವು ಇದೆ. ‘ತಾಜಾ’ ಅಂದರೆ ‘ಈಗಷ್ಟೇ ಸತ್ತದ್ದು’ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಎಲ್ಲ ಮೀನಿಗೂ ಅದು ಸರಿಯಲ್ಲ. ಮೀನು ಸತ್ತ ಮೇಲೆ ಕೆಲವು ಗಂಟೆ ಮೈ ಸೆಟೆದುಕೊಂಡಿರುತ್ತದೆ. ಆ ಹೊತ್ತಿನಲ್ಲಿ ಬೇಯಿಸಿದರೆ ತುಂಡು ಮುದುರಿಕೊಳ್ಳುತ್ತದೆ, ಅಗಿದರೆ ರಬ್ಬರು. ಸ್ನಾಯುವಿನೊಳಗೆ ಶಕ್ತಿ ಕೊಡುತ್ತಿದ್ದ ಎಟಿಪಿ ಅನ್ನುವ ವಸ್ತು ನಿಧಾನವಾಗಿ ಒಡೆದು ಇನೋಸಿನೇಟ್ ಆಗುತ್ತದೆ. ಬಾಯಲ್ಲಿ ತುಂಬಿಕೊಳ್ಳುವ ಆ ‘ಉಮಾಮಿ’ ರುಚಿ ಕೊಡುವುದೇ ಇದು. 1913ರಲ್ಲಿ ಶಿಂತಾರೊ ಕೊಡಾಮ ಅನ್ನುವ ಜಪಾನಿ ವಿಜ್ಞಾನಿ ಒಣಗಿಸಿದ ಬೊನಿಟೊ ಮೀನಿನ ರುಚಿಯ ಗುಟ್ಟು ಇದೇ ಅಂತ ಕಂಡುಹಿಡಿದರು. ಇನ್ನೂ ದಿನ ಕಳೆದರೆ ಇನೋಸಿನೇಟ್ ಕೂಡ ಒಡೆದು ಹೈಪೋಕ್ಸಾಂಥಿನ್ ಆಗುತ್ತದೆ, ಅದು ಕಹಿ. ಅಂದರೆ ರುಚಿ ಏರಿ ಇಳಿಯುವ ಒಂದು ದಿಬ್ಬ ಇದೆ. ಟ್ಯೂನಾದಂಥ ದೊಡ್ಡ ಮೀನಿಗೆ ಆ ದಿಬ್ಬದ ತುದಿ ಕೆಲವು ದಿನಗಳ ನಂತರ ಬರುತ್ತದೆ. ಬಂಗುಡೆ, ಭೂತಾಯಿಯಂಥ ಎಣ್ಣೆಯಂಶದ ಚಿಕ್ಕ ಮೀನಿಗೆ ಅಷ್ಟು ಪುರುಸೊತ್ತಿಲ್ಲ, ಬೇಗ ತಿನ್ನಬೇಕು.

ಒಳ್ಳೆಯ ಫೈನ್ ಡೈನಿಂಗ್ ಜಾಗ ಈ ದಿಬ್ಬದ ಮೇಲೆ ಆಟ ಆಡುತ್ತದೆ. ಮೀನು ಹಿಡಿದ ಕೂಡಲೇ ಮೆದುಳಿಗೆ ಚುಚ್ಚಿ, ರಕ್ತ ಬಸಿದು, ಬೆನ್ನುಹುರಿಯನ್ನು ತಂತಿ ಹಾಕಿ ನಾಶ ಮಾಡುವ ಜಪಾನಿನ ಇಕೆಜಿಮೆ ಅನ್ನುವ ವಿಧಾನ ಇದೆ. ಹಾಗೆ ಮಾಡಿದರೆ ಮೀನು ಒದ್ದಾಡಿ ಆ ಎಟಿಪಿಯನ್ನು ಸುಮ್ನೆ ಖರ್ಚು ಮಾಡುವುದಿಲ್ಲ. ಆಮೇಲೆ ಒರೆಸಿ, ಒಣ ಮಾಡಿ, ಹೆಪ್ಪುಗಟ್ಟುವ ಅಂಚಿನ ತಂಪಿನಲ್ಲಿ ನಾಲ್ಕೈದು ದಿನ ಇಡುತ್ತಾರೆ. ಸರ್ವರ್ ಬಂದು ‘ಇದು ಐದು ದಿನ ಹಣ್ಣಾಗಿಸಿದ ಮೀನು’ ಅಂದಾಗ ನಿಮ್ಮ ಅಪ್ಪ ಎದ್ದು ಹೊರಡಬಹುದು. ಮೊದಲೇ ಹೇಳಿರಿ, ಅದು ಮೋಸ ಅಲ್ಲ, ದುಡ್ಡು ಹೋಗುವುದೇ ಅದಕ್ಕೆ.

ಬೇಯಿಸದೆ ಹಸಿಯಾಗಿಯೇ ತಿನ್ನುವ ಮೀನಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೆ. ‘ಫ್ರೀಜ್ ಮಾಡಿದ್ದಾ?’ ಅಂತ ಮುಖ ಸಿಂಡರಿಸಿ ಕೇಳುತ್ತಾರೆ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಅನ್ನುವ ಹುಳು ಇರಬಹುದು. ಅದನ್ನು ಕೊಲ್ಲೋಕೆ ಒಂದೋ ಚೆನ್ನಾಗಿ ಬೇಯಿಸಬೇಕು, ಇಲ್ಲಾ ಚೆನ್ನಾಗಿ ಹೆಪ್ಪುಗಟ್ಟಿಸಬೇಕು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಲೆಕ್ಕ: ಮೈನಸ್ 20 ಡಿಗ್ರಿಯಲ್ಲಿ 7 ದಿನ, ಅಥವಾ ಗಟ್ಟಿಯಾಗುವ ತನಕ ಮೈನಸ್ 35ರಲ್ಲಿ ಇಟ್ಟು ಅದೇ ತಂಪಿನಲ್ಲಿ ಇನ್ನೂ 15 ಗಂಟೆ. ಕೆಲವು ಟ್ಯೂನಾ ಜಾತಿಗಳಿಗೆ ಮತ್ತು ಕೆಲವು ಸಾಕಿದ ಮೀನುಗಳಿಗೆ ವಿನಾಯಿತಿ ಇದೆ. ಹಡಗಿನ ಮೇಲೆಯೇ ಗಂಟೆಗಳೊಳಗೆ ಹೆಪ್ಪುಗಟ್ಟಿಸಿದ ಮೀನು, ಆರು ದಿನ ಕರಗುವ ಐಸಿನ ಮೇಲೆ ಪ್ರಯಾಣ ಮಾಡಿದ ‘ತಾಜಾ’ ಮೀನಿಗಿಂತ ಎಷ್ಟೋ ವಾಸಿ. ಹಸಿ ಮೀನು ಕೊಡುವ ಜಾಗ ಯಾವುದೇ ಇರಲಿ, ‘ನಾವು ಫ್ರೀಜ್ ಮಾಡೋದೇ ಇಲ್ಲ’ ಅಂತ ಹೆಮ್ಮೆಯಿಂದ ಹೇಳಿದರೆ, ಯಾವ ಮೀನು ಅಂತ ಕೇಳಿ.

ಈಗ ಹಳೇ ಹೋಟೆಲಿನ ಮೇಲಿರುವ ಒಂದು ಆಪಾದನೆ. ‘ಖಾರ ಹುಳಿ ಸುರಿದು ಕೆಟ್ಟ ಮೀನನ್ನು ಮುಚ್ಚುತ್ತಾರೆ.’ ಅರ್ಧ ನಿಜ. ಸಮುದ್ರದ ಮೀನಿನ ಮೈಯಲ್ಲಿ ಟಿಎಮ್‌ಎಒ ಅನ್ನುವ ವಾಸನೆ ಇಲ್ಲದ ವಸ್ತು ಇರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮಿಥೈಲಮೈನ್ ಮಾಡುತ್ತವೆ, ನಮಗೆ ‘ಮೀನು ವಾಸನೆ’ ಬರುವುದು ಅದರಿಂದ. ಹುಳಿ ಬಿದ್ದರೆ ಅದು ಗಾಳಿಗೆ ಏಳದಂತೆ ಕಟ್ಟಿಹಾಕಿದ ಹಾಗಾಗುತ್ತದೆ, ಆದ್ದರಿಂದ ವಾಸನೆ ತಗ್ಗುತ್ತದೆ. ಜಗತ್ತಿನ ಎಲ್ಲ ಕರಾವಳಿಯವರೂ ಮೀನಿಗೆ ಏನಾದರೊಂದು ಹುಳಿ ಸೇರಿಸುವುದು ಸುಮ್ನೆ ಅಲ್ಲ. ಅದು ಜಾಣತನ. ಅದೇ ಜಾಣತನವನ್ನು ಕಳ್ಳತನಕ್ಕೂ ಬಳಸಬಹುದು, ಒಪ್ಪಿಕೊಳ್ಳುತ್ತೇನೆ. ಆದರೆ ದುಬಾರಿ ಜಾಗದಲ್ಲಿ ಬೆಣ್ಣೆ, ಕ್ರೀಮು, ನಿಂಬೆ, ವೈನು ಇವೂ ಅದೇ ಕೆಲಸ ಮಾಡಬಲ್ಲವು. ಪರೀಕ್ಷೆ ಸುಲಭ. ಮೊದಲ ಸಲ ಹೋದಾಗ ಸಾಸು, ಮಸಾಲೆ ಏನೂ ಇಲ್ಲದೆ ಸುಮ್ನೆ ಉಪ್ಪು ಹಾಕಿ ಸುಟ್ಟ ಅಥವಾ ಹಬೆಯಲ್ಲಿ ಬೇಯಿಸಿದ ಒಂದು ಮೀನು ಹೇಳಿ. ಸಪ್ಲೈಯರ್ ‘ಅದು ಬೇಡ, ಇದು ತಗೊಳ್ಳಿ’ ಅಂತ ಬೇರೆ ಕಡೆ ತಿರುಗಿಸಿದರೆ ಉತ್ತರ ಸಿಕ್ಕ ಹಾಗೆ.

ಹಾಗಾದರೆ ಆ ಆರೇಳು ಪಟ್ಟು ಎಲ್ಲಿ ಹೋಗುತ್ತದೆ? ಒಂದು ಭಾಗ ಚರ್ಮ, ಮುಳ್ಳು, ತಲೆಗೆ. ಇಡೀ ಮೀನಿನಿಂದ ಮುಳ್ಳು ಚರ್ಮ ಇಲ್ಲದ ತುಂಡು ತೆಗೆದರೆ ಕೈಗೆ ಸಿಗುವುದು ಹೆಚ್ಚುಕಮ್ಮಿ ಅರ್ಧಕ್ಕಿಂತ ಕಮ್ಮಿ ತೂಕ. ಫೈನ್ ಡೈನಿಂಗಿನಲ್ಲಿ ಆ ತುಂಡನ್ನೂ ಮತ್ತೆ ಚೌಕಕ್ಕೆ ಕತ್ತರಿಸುತ್ತಾರೆ. ಹಳೇ ಹೋಟೆಲಿನಲ್ಲಿ ತಲೆ ಬೇರೆಯದೇ ಐಟಂ, ಅದಕ್ಕೇ ಬರುವ ಗಿರಾಕಿಗಳು ಇರುತ್ತಾರೆ. ಇನ್ನೊಂದು ಭಾಗ ಕೆಲಸದವರ ಕೈಗೆ. ಒಬ್ಬ ಬರೀ ಮೀನು ಬಿಡಿಸುತ್ತಾನೆ, ಒಬ್ಬ ಬರೀ ಸಾಸು, ಒಬ್ಬ ಚಿಮುಟ ಹಿಡಿದು ಎಲೆ ಜೋಡಿಸುತ್ತಾನೆ. ಅಡುಗೆಮನೆಯನ್ನು ಹೀಗೆ ಪಡೆಯ ಥರ ಭಾಗ ಮಾಡಿದ್ದು ಫ್ರಾನ್ಸಿನ ಬಾಣಸಿಗ ಎಸ್ಕೊಫಿಯೆ, ನೂರು ವರ್ಷಕ್ಕೂ ಹಿಂದೆ. ಎಲ್ಲಕ್ಕಿಂತ ದೊಡ್ಡ ಭಾಗ ನೀವು ಕೂತ ಕುರ್ಚಿಗೆ. ಅಲ್ಲಿ ಒಂದು ಸಂಜೆಗೆ ಆ ಕುರ್ಚಿಯಲ್ಲಿ ಒಬ್ಬರೇ, ಹೆಚ್ಚೆಂದರೆ ಇಬ್ಬರು ಕೂರುತ್ತಾರೆ. ಹಳೇ ಹೋಟೆಲಿನಲ್ಲಿ ಒಂದೇ ಮಧ್ಯಾಹ್ನ ಆರೇಳು ಜನ. ನೀವು ಕೈ ತೊಳೆಯುವಷ್ಟರಲ್ಲಿ ಮುಂದಿನವರು ಕುರ್ಚಿ ಎಳೆದಿರುತ್ತಾರೆ. ಅದೊಂದು ಹಿಂಸೆ, ಆದರೆ ಬಿಲ್ಲು ಚಿಕ್ಕದಾಗಿರುವುದೂ ಅದರಿಂದಲೇ.

ಬೇಯಿಸುವುದರಲ್ಲಿ ಮಾತ್ರ ವ್ಯತ್ಯಾಸ ನಿಜ. ಮೀನಿನ ಮಾಂಸದಲ್ಲಿ ಕಟ್ಟಿ ಹಿಡಿಯುವ ನಾರು ಬಹಳ ಕಮ್ಮಿ, ಅದು ಕಮ್ಮಿ ಬಿಸಿಗೇ ಕರಗುತ್ತದೆ. ದಪ್ಪ ತುಂಡಿನ ನಡುಭಾಗ 50ರಿಂದ 55 ಡಿಗ್ರಿ ತಲುಪಿದರೆ ಪದರ ಪದರವಾಗಿ, ರಸ ತುಂಬಿಕೊಂಡು ಬಿಡಿಸಿಕೊಳ್ಳುತ್ತದೆ. 60 ದಾಟಿದರೆ ಒಣಗಲು ಶುರು. ಸಾಲ್ಮನ್ ಮೇಲೆ ಬಿಳಿ ಬಿಳಿ ಕೆನೆಯಂಥದ್ದು ಉಕ್ಕಿರುವುದು ನೋಡಿದ್ದೀರಾ? ಬಿಸಿ ಜಾಸ್ತಿಯಾಗಿ ಹಿಂಡಿ ಹೊರಗೆ ಬಂದ ಪ್ರೋಟೀನು ಅದು. ಈ ಐದು ಡಿಗ್ರಿಯ ಒಳಗೆ ಹಿಡಿಯುವುದು ಫೈನ್ ಡೈನಿಂಗಿನ ನಿಜವಾದ ವಿದ್ಯೆ. ನ್ಯೂಯಾರ್ಕಿನ ಲೆ ಬೆರ್ನಾರ್ಡಾಂ ರೆಸ್ಟೋರೆಂಟ್ ಇದಕ್ಕೆ ಹೆಸರುವಾಸಿ. 1972ರಲ್ಲಿ ಪ್ಯಾರಿಸ್ಸಿನಲ್ಲಿ ಒಡಹುಟ್ಟಿದವರಿಬ್ಬರು ಶುರು ಮಾಡಿದ ಜಾಗ, 1986ರಲ್ಲಿ ನ್ಯೂಯಾರ್ಕಿಗೆ ಬಂತು, ಈಗ ಮೂರು ಮಿಶೆಲಿನ್ ಸ್ಟಾರ್ (ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡುವ ಹೆಸರುವಾಸಿ ಗೈಡು) ಇದೆ. ಅವರ ಮೆನುವಿನ ಭಾಗಗಳೇ ‘ಹೆಚ್ಚುಕಮ್ಮಿ ಹಸಿ’, ‘ಸ್ವಲ್ಪವೇ ಮುಟ್ಟಿದ್ದು’, ‘ಹಗುರವಾಗಿ ಬೇಯಿಸಿದ್ದು’ ಅಂತ. ಬೆಂಕಿಯನ್ನು ಎಷ್ಟು ಹತ್ತಿರ ಬಿಡಬೇಕು ಅನ್ನುವುದೇ ಅಲ್ಲಿನ ಅಡುಗೆ.

ಹಳೇ ಹೋಟೆಲಿನವರಿಗೆ ಥರ್ಮಾಮೀಟರ್ ಇಲ್ಲ. ಆದರೆ ಒಂದೇ ಐಟಂ ಅನ್ನು ಇಪ್ಪತ್ತು ವರ್ಷ ಮಾಡಿದ ಕೈ ಇದೆ, ಮತ್ತೆ ರೋಷದಿಂದ ಉರಿಯುವ ದೊಡ್ಡ ಒಲೆ. ಸ್ಕ್ವಿಡ್ (ಬೊಂಡಾಸ) ಅನ್ನು ಎರಡು ನಿಮಿಷದೊಳಗೆ ಇಳಿಸಬೇಕು, ಇಲ್ಲಾ ಮುಕ್ಕಾಲು ಗಂಟೆ ಬಿಡಬೇಕು. ನಡುವೆ ಇಳಿಸಿದರೆ ಸೈಕಲ್ ಟ್ಯೂಬು. ಅದನ್ನು ಆ ಬೆಂಕಿಯ ಮೇಲೆ ಒಂದೂವರೆ ನಿಮಿಷದಲ್ಲಿ ಮುಗಿಸುವುದು ನಾನು ಕಲಿತದ್ದು ಅಲ್ಲೇ. ಬಿಳಿ ಮೇಜುಬಟ್ಟೆಯ ಕಡೆ ಯಾರೂ ಅಷ್ಟು ಚೆನ್ನಾಗಿ ಮಾಡಲಿಲ್ಲ, ಆ ಒಲೆಗಳಿಗೆ ಅಷ್ಟು ದಮ್ಮೂ ಇರಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಜಾಗ ಆರಿಸುವ ಮೊದಲು ಏನು ತಿನ್ನಬೇಕು ಅನ್ನೋದನ್ನ ಆರಿಸಿ. ಏಡಿ, ಚಿಪ್ಪಿನವು, ಮುಳ್ಳಿರುವ ಚಿಕ್ಕ ಮೀನು, ತಲೆ, ಸ್ಕ್ವಿಡ್, ಗರಿಗರಿ ಕರಿದದ್ದು, ಇವೆಲ್ಲ ಹಳೇ ಹೋಟೆಲಿನ ಐಟಂಗಳು. ಕೈಯಲ್ಲಿ ಒಡೆದು, ಚೀಪಿ, ತಟ್ಟೆ ಪಕ್ಕ ಗುಡ್ಡೆ ಹಾಕಿ ತಿನ್ನಬೇಕಾದದ್ದನ್ನು ಮೂರು ಫೋರ್ಕಿನ ಮುಂದೆ ತಿನ್ನೋಕಾಗಲ್ಲ. ಅಡುಗೆಯವರೇ ಏಡಿ ಒಡೆದು ಬರೀ ಮಾಂಸ ಕೊಡುತ್ತಾರಲ್ಲ ಅಂದರೆ, ಹೌದು, ಅದರಲ್ಲಿ ಅರ್ಧ ಸುಖ ಅಡುಗೆಮನೆಯಲ್ಲೇ ಉಳಿಯುತ್ತದೆ. ಹಸಿ ಮೀನು, ದಪ್ಪ ತುಂಡು, ಸ್ಕ್ಯಾಲಪ್, ಆಯ್ಸ್ಟರ್ ಆದರೆ ದುಬಾರಿ ಜಾಗಕ್ಕೆ ದುಡ್ಡು ಕೊಡಬಹುದು. ಸ್ಕ್ಯಾಲಪ್ಪಿನ ಬಗ್ಗೆ ಒಂದು ಮಾತು: ನೀರು ಹಿಡಿದಿಡಲಿ ಅಂತ ಫಾಸ್ಫೇಟಿನಲ್ಲಿ ನೆನೆಸಿದ್ದೂ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ತೂಕ ಜಾಸ್ತಿ, ರೇಟು ಕಮ್ಮಿ. ಬಾಣಲೆಗೆ ಬಿದ್ದರೆ ನೀರು ಬಿಡುತ್ತದೆ, ಕಂದು ಬಣ್ಣಕ್ಕೆ ತಿರುಗಲ್ಲ. ದುಬಾರಿ ತಟ್ಟೆಯಲ್ಲಿ ಬಿಳಚಿಕೊಂಡ ಸ್ಕ್ಯಾಲಪ್ ಬಂದರೆ ವಾಪಸ್ ಕಳಿಸಿ, ನಾಚಿಕೆ ಬೇಡ.

ಈ ಎರಡು ಗುಂಪುಗಳ ನಡುವೆ ಗೋಡೆ ಇದೆ ಅಂತಲೂ ಅಂದುಕೊಳ್ಳಬೇಡಿ. ಟೋಕಿಯೋದ ಸುಕಿಯಾಬಾಶಿ ಜಿರೋ ಸಬ್‌ವೇ ಸ್ಟೇಷನ್ ಪಕ್ಕದ ನೆಲಮಾಳಿಗೆಯಲ್ಲಿರುವ ಹತ್ತು ಸೀಟಿನ ಸುಶಿ ಅಂಗಡಿ. 2007ರಲ್ಲಿ ಅದಕ್ಕೆ ಮೂರು ಸ್ಟಾರ್ ಸಿಕ್ಕಿತು. 2019ರ ಕೊನೆಗೆ ಮಿಶೆಲಿನ್ ಪಟ್ಟಿಯಿಂದ ಹೊರಗೆ ಬಂತು. ರುಚಿ ಕೆಟ್ಟಿತು ಅಂತಲ್ಲ, ಮಾಮೂಲಿ ಜನ ಬುಕ್ ಮಾಡೋಕೆ ಆಗದ ಹಾಗಾಯಿತು ಅಂತ. ಬ್ಯಾಂಕಾಕಿನ ಜೇ ಫೈ ಇನ್ನೂ ಮಜಾ. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡು ಇದ್ದಿಲ ಒಲೆಯ ಮೇಲೆ ಏಡಿ ಆಮ್ಲೆಟ್ ಮಾಡುವ ಅಜ್ಜಿ. 2017ರ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಮೊದಲ ಮಿಶೆಲಿನ್ ಪಟ್ಟಿ ಬಂದಾಗ ಬೀದಿ ಬದಿಯ ಆ ಅಂಗಡಿಗೆ ಒಂದು ಸ್ಟಾರ್ ಬಂತು.

ಹೆಸರಿನ ಮೋಸ ಎರಡೂ ಕಡೆ ಇದೆ. ಓಷಿಯಾನಾ ಅನ್ನುವ ಸಮುದ್ರ ಸಂರಕ್ಷಣೆಯ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದ ಅಂಗಡಿ ಮತ್ತು ರೆಸ್ಟೋರೆಂಟುಗಳಿಂದ 1,215 ಮೀನಿನ ಮಾದರಿ ತಂದು ಡಿಎನ್‌ಎ ಪರೀಕ್ಷೆ ಮಾಡಿಸಿತು. ಮೂರರಲ್ಲಿ ಒಂದು, ಹೇಳಿದ ಮೀನು ಆಗಿರಲಿಲ್ಲ. ಸುಶಿ ಜಾಗಗಳದ್ದೇ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ. ಚರ್ಮ, ತಲೆ ತೆಗೆದ ಬಿಳಿ ತುಂಡಿಗೆ ಯಾವ ಹೆಸರು ಬೇಕಾದರೂ ಇಡಬಹುದು. ಇಡೀ ಮೀನನ್ನು ತೋರಿಸಿ ಆಮೇಲೆ ಬೇಯಿಸುವ ಹಳೇ ಹೋಟೆಲು ಇಲ್ಲಿ ಗೆಲ್ಲುತ್ತದೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಇದನ್ನೆಲ್ಲ ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ ಅನ್ನಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ಜೀವಂತ ಇದೆ ಅಂತ ಮರುಳಾಗುವುದು ಮಾತ್ರ ಬೇಡ. ತೊಟ್ಟಿಯಲ್ಲಿ ಏಡಿ, ಲಾಬ್‌ಸ್ಟರುಗಳಿಗೆ ಸಾಮಾನ್ಯವಾಗಿ ಊಟ ಇರಲ್ಲ, ದಿನ ಕಳೆದಂತೆ ಒಳಗೆ ಬಡಕಲಾಗುತ್ತವೆ. ಕೈಗೆ ತಗೊಂಡಾಗ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಮತ್ತೆ ತೂಕದ ಲೆಕ್ಕದಲ್ಲಿ ಮಾರುವ ಕಡೆ, ಒಲೆಗೆ ಹೋಗುವ ಮೊದಲೇ ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ಹಳೇ ಹೋಟೆಲಿನಲ್ಲಿ ಜಗಳ ಆಗುವುದು ಇದೊಂದೇ ವಿಷಯಕ್ಕೆ.

ನಾನು ನಿಜವಾಗಿ ಹೆದರುವುದು ಈ ಎರಡಕ್ಕೂ ಅಲ್ಲ, ನಡುವಿನ ಜಾಗಗಳಿಗೆ. ನೀಲಿ ದೀಪ, ಗೋಡೆಗೆ ಮೀನು ಬಲೆ, ಮೆನುವಿನಲ್ಲಿ ತೊಂಬತ್ತು ಐಟಂ, ನಾಲ್ಕು ದೇಶದ ಅಡುಗೆ, ಒಳಗೆ ನೋಡಿದರೆ ಮೂರು ಮೇಜಿನಲ್ಲಿ ಜನ. ತೊಂಬತ್ತು ಐಟಂ ಇಡಬೇಕಾದರೆ ಹದಿನೈದು ಥರ ಮೀನು ಯಾವಾಗಲೂ ಫ್ರಿಜ್ಜಿನಲ್ಲಿ ಇರಲೇಬೇಕು, ಮೂರು ಮೇಜು ಅದನ್ನು ಖಾಲಿ ಮಾಡಲ್ಲ. ಹಳೇ ಹೋಟೆಲಿನ ವೇಗವೂ ಇಲ್ಲ, ದುಬಾರಿ ಜಾಗದ ಹಿಡಿತವೂ ಇಲ್ಲ. ಮೆನು ಉದ್ದ, ಜನ ಕಮ್ಮಿ ಅಂದರೆ ಒಳಗೆ ಹೋಗಬೇಡಿ. ಬಾಗಿಲಲ್ಲೇ ಮೀನು ವಾಸನೆ ಹೊಡೆದರೂ ಅಷ್ಟೇ. ಒಳ್ಳೆಯ ಮೀನಿನ ಜಾಗದಲ್ಲಿ ಮೀನು ವಾಸನೆ ಬರಲ್ಲ, ಬಂದರೆ ಕರಿದ ವಾಸನೆ ಬರಬೇಕು.

ಅಂದ ಹಾಗೆ, ಯಾವ ಜಾಗದಲ್ಲಾದರೂ ಟ್ಯೂನಾ, ಬಂಗುಡೆ ಥರದ ಮೀನು ಬಾಯಿಗಿಟ್ಟ ಕೂಡಲೇ ಮೆಣಸಿನ ಚುರುಚುರು ಅನ್ನಿಸಿ, ಅದರಲ್ಲಿ ಖಾರ ಹಾಕಿಲ್ಲ ಅಂತಾದರೆ, ಅಲ್ಲಿಗೇ ನಿಲ್ಲಿಸಿ. ಸರಿಯಾಗಿ ತಂಪಿನಲ್ಲಿ ಇಡದ ಮೀನಿನಲ್ಲಿ ಹಿಸ್ಟಮಿನ್ ಆಗುತ್ತದೆ, ಬೇಯಿಸಿದರೂ ಹೋಗಲ್ಲ. ಮುಖ ಕೆಂಪಾಗುತ್ತದೆ, ತಲೆನೋವು, ತುರಿಕೆ ಬರುತ್ತದೆ. ಉಸಿರಾಡೋಕೆ ಕಷ್ಟ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಮ್ಮ ಅಪ್ಪ ಅಮ್ಮನ ವಿಷಯ. ಅಪ್ಪನಿಗೆ ಮೀನು ಅಂದರೆ ಪ್ರಾಣ ಅಂದಿರಿ, ಅಮ್ಮನ ಬಗ್ಗೆ ಏನೂ ಬರೆಯಲಿಲ್ಲ. ಅಮ್ಮನಿಗೆ ಯಾವುದು ಇಷ್ಟ ಅಂತ ಒಮ್ಮೆ ಕೇಳಿ, ಜೀವನಪೂರ್ತಿ ಮೀನು ಕ್ಲೀನ್ ಮಾಡಿದವರಿಗೆ ಯಾರೋ ಮುಳ್ಳು ತೆಗೆದು, ಬಡಿಸಿ, ತಟ್ಟೆ ಎತ್ತಿಕೊಂಡು ಹೋಗುವ ಎರಡು ಗಂಟೆ ಬೇಕಾಗಿರಬಹುದು. ನಾನಾಗಿದ್ದರೆ ಮೊದಲ ಮಧ್ಯಾಹ್ನವೇ ಅಪ್ಪನನ್ನು ಹಳೇ ಹೋಟೆಲಿಗೆ ಕರ್ಕೊಂಡು ಹೋಗುತ್ತಿದ್ದೆ, ಹನ್ನೆರಡೂವರೆಗೆ, ಜನ ನುಗ್ಗುವ ಮೊದಲು. ಫೈನ್ ಡೈನಿಂಗಿಗೆ ರಾತ್ರಿ ಬೇಡ, ಮಧ್ಯಾಹ್ನದ ಚಿಕ್ಕ ಮೆನು ಇದ್ದರೆ ಅದನ್ನು ಬುಕ್ ಮಾಡಿ, ರೇಟು ಕಮ್ಮಿ ಇರುತ್ತದೆ, ಅಡುಗೆಯವರು ಅವರೇ. ಎಂಟು ಹತ್ತು ತಟ್ಟೆಯ ಟೇಸ್ಟಿಂಗ್ ಮೆನು ಹೇಳಬೇಡಿ. ಮೂರು ಗಂಟೆ ಕೂತು, ಒಂದೊಂದು ತುತ್ತಿಗೆ ಒಂದೊಂದು ವಿವರಣೆ ಕೇಳಿ, ವಯಸ್ಸಾದವರು ಹಸಿದುಕೊಂಡೇ ಏಳುವುದನ್ನು ಬಹಳ ಸಲ ನೋಡಿದ್ದೇನೆ. ಹಸಿ ಮೀನು ತಿನ್ನಲ್ಲ ಅಂತ ಇದ್ದರೆ ಬುಕ್ ಮಾಡುವಾಗಲೇ ಹೇಳಿ, ಬೇಯಿಸಿದ್ದೇ ಕೊಡುತ್ತಾರೆ. ಹಳೇ ಹೋಟೆಲಿನಲ್ಲಿ ಅಪ್ಪ ಮೆನು ಪಕ್ಕಕ್ಕಿಟ್ಟು ಐಸ್ ಪೆಟ್ಟಿಗೆ ನೋಡೋಕೆ ಎದ್ದು ಹೋದರೆ ತಡೆಯಬೇಡಿ, ಆರ್ಡರ್ ಅವರೇ ಮಾಡಲಿ.